ಒಂದೇ ಲೀಗ್, ಬೇರೆ ಬೇರೆ ಎದುರಾಳಿ: ಕಾಲೇಜು ಬಾಸ್ಕೆಟ್‌ಬಾಲ್ ಟೇಬಲ್ ನಂಬೋದು ಹೇಗೆ?

ಕೇಳಿದವರು: ಮಗಳು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ ಸೇರಿದ ಮೇಲೆ ಮನೆಮಂದಿಗೆಲ್ಲ ಬಾಸ್ಕೆಟ್‌ಬಾಲ್ ಹುಚ್ಚು. ಅವರು ಆಡುವ ಕಾಲೇಜು ಲೀಗ್‌ಗೆ ಬಿಗ್ ಟೆನ್ ಅಂತ ಹೆಸರು, ಇರೋದು 18 ತಂಡ! ಕೆಲವರ ಜೊತೆ ಎರಡು ಸಲ ಆಡುತ್ತಾರೆ, ಮಿಕ್ಕವರ ಜೊತೆ ಒಂದೇ ಸಲ. ಹೀಗಿದ್ದರೆ ಟೇಬಲ್‌ಗೆ ಅರ್ಥ ಇದೆಯಾ? ತುಂಬಾ ವರ್ಷದಿಂದ ನೋಡುತ್ತಿರುವವರು ಹೇಳಿ.

ಇಂಡಿಯಾನಾದಿಂದ: ಮೇಡಂ, 20 ಪಂದ್ಯ, 17 ಎದುರಾಳಿ. ಮೂವರ ಜೊತೆ ಎರಡೆರಡು, 14 ತಂಡಗಳ ಜೊತೆ ಒಂದೊಂದು. ಆ 14ರಲ್ಲಿ ಏಳು ನಮ್ಮ ಅಂಗಳದಲ್ಲಿ, ಏಳು ಅವರ ಅಂಗಳದಲ್ಲಿ. ಯಾರ ಜೊತೆ ಎರಡು ಸಲ ಬಿತ್ತು ಅಂತಲೇ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಮೊದಲು ನೋಡುವುದು ಒಂದೇ ಸಲ ಸಿಗುವ ಗಟ್ಟಿ ತಂಡ ಎಲ್ಲಿ ಸಿಗುತ್ತದೆ ಅಂತ.

2024-25ರ ಸೀಸನ್ ತೆಗೆದುಕೊಳ್ಳಿ. ಯುಸಿಎಲ್‌ಎ, ವಿಸ್ಕಾನ್ಸಿನ್, ಪರ್ಡ್ಯೂ ಮೂವರೂ 13 ಗೆದ್ದು 7 ಸೋತರು. ಯುಸಿಎಲ್‌ಎ ವಿಸ್ಕಾನ್ಸಿನ್‌ನ ಸೋಲಿಸಿತ್ತು, ವಿಸ್ಕಾನ್ಸಿನ್ ಪರ್ಡ್ಯೂನ, ಪರ್ಡ್ಯೂ ಯುಸಿಎಲ್‌ಎನ. ಅಲ್ಲಿಗೆ ತೀರ್ಮಾನ ಆಗಲಿಲ್ಲ. ಆಗ ನೋಡೋದು ಟೇಬಲ್‌ನಲ್ಲಿ ಮೊದಲ ಸ್ಥಾನದಲ್ಲಿರುವ ತಂಡದ ಎದುರು ಏನಾಯಿತು ಅಂತ. ಆ ವರ್ಷ ಅದು ಮಿಷಿಗನ್ ಸ್ಟೇಟ್. ಯುಸಿಎಲ್‌ಎ ಅವರನ್ನು ಲಾಸ್ ಏಂಜಲೀಸ್‌ಗೆ ಕರೆಸಿಕೊಂಡು 63-61ರಲ್ಲಿ ಗೆದ್ದಿತ್ತು. ಪರ್ಡ್ಯೂ, ವಿಸ್ಕಾನ್ಸಿನ್ ಇಬ್ಬರೂ ಮಿಷಿಗನ್ ಸ್ಟೇಟ್‌ನ ಊರು ಈಸ್ಟ್ ಲ್ಯಾನ್ಸಿಂಗ್‌ಗೆ ಹೋಗಿ ಸೋತು ಬಂದಿದ್ದರು. ಯುಸಿಎಲ್‌ಎಗೆ ನಾಲ್ಕನೇ ಸೀಡ್ (ಟೂರ್ನಿಯ ಕ್ರಮಾಂಕ) ಸಿಕ್ಕಿತು, ಸೀಸನ್ ಕೊನೆಯ ಲೀಗ್ ಟೂರ್ನಿಯಲ್ಲಿ ನೇರ ಕ್ವಾರ್ಟರ್ ಫೈನಲ್. ಆರನೇ ಸೀಡ್ ಪರ್ಡ್ಯೂ ಗುರುವಾರ ಯುಎಸ್‌ಸಿ ಜೊತೆ ಆಡಿ ಗೆದ್ದು, ಮರುದಿನವೇ ವಿಶ್ರಾಂತಿ ಪಡೆದು ಕೂತಿದ್ದ ಮಿಷಿಗನ್ (ಮಿಷಿಗನ್ ಸ್ಟೇಟ್ ಅಲ್ಲ, ಬೇರೆ ತಂಡ) ಕೈಲಿ ಸೋತಿತು. ಮಿಷಿಗನ್ ಸ್ಟೇಟ್ ಎದುರಿನ ಆ ಒಂದು ಪಂದ್ಯ ಪರ್ಡ್ಯೂ ಅಂಗಳ ಮ್ಯಾಕಿ ಅರೇನಾದಲ್ಲಿ ಇದ್ದಿದ್ದರೆ? ನಾನಂತೂ ಇನ್ನೂ ಗೊಣಗುತ್ತಿದ್ದೇನೆ.

ಆದರೆ ಅದೇ ವರ್ಷ ಮಿಷಿಗನ್ ಸ್ಟೇಟ್ 17-3. ಎರಡನೆಯವರಿಗಿಂತ ಮೂರು ಗೆಲುವು ಮುಂದೆ. ಅಷ್ಟು ಅಂತರ ಇದ್ದಾಗ ವೇಳಾಪಟ್ಟಿಯ ನೆಪ ಹೇಳಕ್ಕಾಗಲ್ಲ. ಒಂದು ಗೆಲುವಿನ ಅಂತರವನ್ನು ಸಮ ಅಂತಲೇ ಓದಿಕೊಳ್ಳಿ.

ಸಿಯಾಟಲ್‌ನಿಂದ: ಪ್ರಯಾಣ ಮರೆತುಬಿಟ್ಟಿರಲ್ಲ ಸಾರ್! ನಮ್ಮ ವಾಷಿಂಗ್ಟನ್ ಹುಡುಗರು ನ್ಯೂಜೆರ್ಸಿಗೆ ಹೋಗಿ ಆಡಬೇಕು, ಗಡಿಯಾರದಲ್ಲೇ ಮೂರು ಗಂಟೆ ವ್ಯತ್ಯಾಸ. ಮಿಡ್‌ವೆಸ್ಟ್ ತಂಡಗಳಿಗೆ ಆ ಕಷ್ಟ ವರ್ಷಕ್ಕೆ ಒಂದೆರಡು ಸಲ, ನಮಗೆ ಮತ್ತೆ ಮತ್ತೆ.

ಕನೆಕ್ಟಿಕಟ್‌ನಿಂದ: ನಮ್ಮ ಕಡೆಯ ಬಿಗ್ ಈಸ್ಟ್ ಲೀಗ್ ನೋಡಿ. 11 ತಂಡ, 20 ಪಂದ್ಯ, ಎಲ್ಲರೂ ಎಲ್ಲರ ಜೊತೆ ಒಮ್ಮೆ ಮನೆಯಲ್ಲಿ, ಒಮ್ಮೆ ಹೊರಗೆ. ಬಿಗ್ 12 ಅನ್ನೋ ಇನ್ನೊಂದು ಲೀಗ್ ಕೂಡ ಹತ್ತೇ ತಂಡ ಇದ್ದಾಗ 18 ಪಂದ್ಯ ಹೀಗೇ ಆಡುತ್ತಿತ್ತು. ಟಿವಿ ದುಡ್ಡಿಗೆ ತಂಡ ಸೇರಿಸುತ್ತಾ ಹೋದರು, ಅದು ಹೋಯ್ತು. ನನ್ನ ಪ್ರಕಾರ ಇಷ್ಟು ದೊಡ್ಡ ಲೀಗ್‌ಗಳು ಚಾಂಪಿಯನ್ ಅನ್ನೋ ಪಟ್ಟ ಕೊಡೋದೇ ಸ್ವಲ್ಪ ಜಾಸ್ತಿ ಆಯ್ತು.

ಬೆಂಗಳೂರಿನಿಂದ: ಐಪಿಎಲ್‌ನಲ್ಲೂ 2022ರಿಂದ ಇದೇ ಅಲ್ವಾ? ಹತ್ತು ತಂಡ, 14 ಪಂದ್ಯ: ಐವರ ಜೊತೆ ಎರಡು, ನಾಲ್ವರ ಜೊತೆ ಒಂದು. ಯಾರೂ ಉಸಿರೆತ್ತಲ್ಲ.

ಇಂಡಿಯಾನಾದಿಂದ: ಅಲ್ಲಿ ಪ್ಲೇಆಫ್‌ಗೆ ಟೇಬಲ್ ಒಂದೇ ದಾರಿ. ಇಲ್ಲಿ ಮಾರ್ಚ್‌ನ ದೊಡ್ಡ ರಾಷ್ಟ್ರೀಯ ಟೂರ್ನಿಗೆ ಆಯ್ಕೆ ಸಮಿತಿ ಇದೆ. ಮನೆಯಲ್ಲಾದರೆ ರಾಷ್ಟ್ರೀಯ ರ‍್ಯಾಂಕಿಂಗ್‌ನಲ್ಲಿ ಮೊದಲ 30ರೊಳಗಿನ ತಂಡವನ್ನು ಸೋಲಿಸಿದರೆ ಮಾತ್ರ ಮೇಲ್ದರ್ಜೆ ಗೆಲುವು, ಹೊರಗಾದರೆ 75ರೊಳಗಿನದು ಸಾಕು. ಅಲ್ಲಿ ಸ್ವಲ್ಪ ನ್ಯಾಯ ಸಿಗುತ್ತದೆ. ಲೀಗ್ ಸೀಡ್‌ಗೆ ಮಾತ್ರ ಈ ರಿಯಾಯಿತಿ ಇಲ್ಲ. ಮೇಡಂ, ವೇಳಾಪಟ್ಟಿ ಬಂದ ದಿನವೇ ಒಂದೇ ಸಲ ಆಡುವ ಪಂದ್ಯಗಳನ್ನು ಗುರುತು ಹಾಕಿಟ್ಟುಕೊಳ್ಳಿ.