ಅಜ್ಜನಿಗೆ ಯಕ್ಷಗಾನದ ಡಿವಿಡಿ: ನಾಲ್ಕು ಡಿಸ್ಕ್ ಹಾಳಾದ ಮೇಲೆ ಕೇಳಿದ್ದು, ಸಿಕ್ಕಿದ ಉತ್ತರಗಳು

ಬೆಂಗಳೂರಿನಿಂದ ಕೇಳಿದ್ದು

ನಮ್ಮ ಅಜ್ಜನ ಮನೆ ಹೊನ್ನಾವರದ ಹತ್ತಿರ. ಅಲ್ಲಿ ಹಳೇ ಟಿವಿ, ಅದಕ್ಕೊಂದು ಡಿವಿಡಿ ಪ್ಲೇಯರ್ ಇದೆ. ನೆಟ್ ಸಿಗೋದು ಕಷ್ಟ. ಕಳೆದ ತಿಂಗಳು ಊರಲ್ಲಿ ಯಕ್ಷಗಾನದ ಆಟ ಆಯಿತು. ಅಜ್ಜನಿಗೆ ಮಂಡಿ ನೋವು, ರಾತ್ರಿ ಹೋಗಿ ಕೂರೋದಕ್ಕೆ ಆಗಲಿಲ್ಲ. ನಾನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದೆ. ಮೂರು ಎಂಪಿ4 ಫೈಲ್, ಒಟ್ಟು 3 ಗಂಟೆ 10 ನಿಮಿಷ. ಡಿವಿಡಿ ಮಾಡಿಕೊಡ್ತೇನೆ ಅಂತ ಅಜ್ಜನಿಗೆ ಮಾತು ಕೊಟ್ಟಿದ್ದೇನೆ.

ಈಗ ನಾಲ್ಕು ಡಿಸ್ಕ್ ಹಾಳಾಗಿದೆ. ಮೊದಲನೆಯದು ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದೆ, ಪಕ್ಕದ ಮನೆಯವರ ಪ್ಲೇಯರ್‌ಗೆ ಹಾಕಿದರೆ ಓದುವುದೇ ಇಲ್ಲ. ಎರಡನೆಯದರಲ್ಲಿ ಚಿತ್ರ ಬಂತು, ಆದರೆ ಹೋಗ್ತಾ ಹೋಗ್ತಾ ಚೆಂಡೆ ಸದ್ದು ಹಿಂದೆ ಬಿತ್ತು. ಮೂರನೆಯದರಲ್ಲಿ ಧೀಂಗಿಣ (ಗಿರಗಿರ ತಿರುಗುವ ಕುಣಿತ) ಬಂದಾಗಲೆಲ್ಲ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ನಾಲ್ಕನೆಯದು ಕೊನೆಯ ಹತ್ತು ನಿಮಿಷ ಇರುವಾಗ ನಿಂತುಬಿಡುತ್ತದೆ. ಮಾಡಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಸಾಗರದಿಂದ

ತಮ್ಮಾ, ನಾನು ಮದುವೆ, ಉಪನಯನದ ವಿಡಿಯೋ ಮಾಡುತ್ತಿದ್ದವನು. ಈ ನಾಲ್ಕೂ ನನಗೆ ಬಂದ ತೊಂದರೆಗಳೇ. ಅವು ನಾಲ್ಕು ಬೇರೆ ಬೇರೆ ಕಾಯಿಲೆ, ಒಂದೇ ಮದ್ದು ಹುಡುಕಬೇಡಿ.

ಡಿವಿಡಿ ಮಾಡೋದು ಅಂದರೆ ಮೂರು ಕೆಲಸ. ಮೊದಲು ಫೈಲನ್ನು ಎಂಪೆಗ್-2ಗೆ, ಅಂದರೆ ಡಿವಿಡಿಗೆ ಬೇಕಾದ ವಿಡಿಯೋ ರೂಪಕ್ಕೆ ಬದಲಾಯಿಸಬೇಕು. ಆಮೇಲೆ ಪ್ಲೇಯರ್‌ಗೆ ಅರ್ಥವಾಗುವ ಹಾಗೆ ಫೋಲ್ಡರ್ ಕಟ್ಟಬೇಕು. ಕೊನೆಗೆ ಡಿಸ್ಕ್‌ಗೆ ರೈಟ್ ಮಾಡಬೇಕು. ಒಂದೇ ಗುಂಡಿ ಒತ್ತಿ ಮೂರನ್ನೂ ಮಾಡಿಸಿದರೆ ಎಲ್ಲಿ ಕೆಟ್ಟಿತು ಅಂತ ಗೊತ್ತಾಗೋದೇ ಇಲ್ಲ, ಪ್ರತಿ ಸಲ ಒಂದು ಡಿಸ್ಕ್ ದಂಡ. ಒಂದೊಂದು ಹಂತ ಮುಗಿದ ಕೂಡಲೇ ನೋಡಿಕೊಳ್ಳಿ. ನಾನು ಇದನ್ನು ಕಲಿಯೋದಕ್ಕೆ ಒಂದು ಮದುವೆಯವರನ್ನು ಮೂರು ವಾರ ಕಾಯಿಸಿದ್ದೆ. ಆ ಬೇಜಾರು ಈಗಲೂ ಇದೆ.

ನಿಮ್ಮ ಮೊದಲನೇ ಡಿಸ್ಕ್ ನೋಡೋಣ. ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆಯಿರಿ. ಒಳಗೆ ಎಂಪಿ4 ಫೈಲೇ ಕಾಣಿಸಿದರೆ ನೀವು ಮಾಡಿದ್ದು ಡೇಟಾ ಡಿಸ್ಕ್. ಫೈಲನ್ನು ಸುಮ್ನೆ ನಕಲು ಮಾಡಿದ ಹಾಗೆ ಅಷ್ಟೇ. ಹಳೇ ಪ್ಲೇಯರ್ ಅದನ್ನು ಓದುವುದಿಲ್ಲ. ನಿಜವಾದ ವಿಡಿಯೋ ಡಿಸ್ಕ್‌ನಲ್ಲಿ ವಿಡಿಯೋ_ಟಿಎಸ್ ಅನ್ನೋ ಫೋಲ್ಡರ್ ಇರಬೇಕು. ಅದರೊಳಗೆ ಐಎಫ್‌ಒ, ಬಿಯುಪಿ, ವಿಒಬಿ ಅಂತ ಕೊನೆಯಾಗುವ ಫೈಲುಗಳು. ವಿಒಬಿ ಒಂದೊಂದೂ ಹೆಚ್ಚೆಂದರೆ 1 ಜಿಬಿ. ಪಕ್ಕದಲ್ಲಿ ಆಡಿಯೋ_ಟಿಎಸ್ ಅಂತ ಇನ್ನೊಂದು ಫೋಲ್ಡರ್ ಖಾಲಿ ಇದ್ದರೆ ಗಾಬರಿ ಬೇಡ, ಅದು ಖಾಲಿಯೇ ಇರುತ್ತದೆ. ನಿಮ್ಮ ಧ್ವನಿ ವಿಒಬಿ ಒಳಗೇ ಇದೆ. ಡಿಸ್ಕ್‌ನಲ್ಲಿ ಒಂದೇ ಒಂದು ಐಎಸ್‌ಒ ಫೈಲ್ (ಇಡೀ ಡಿಸ್ಕನ್ನೇ ಒಂದು ಫೈಲ್ ಮಾಡಿದ್ದು) ಕೂತಿದ್ದರೆ ಅದೂ ತಪ್ಪೇ. ಐಎಸ್‌ಒ ಇದ್ದಾಗ 'ಇಮೇಜ್ ಬರ್ನ್' ಅನ್ನೋದನ್ನೇ ಆರಿಸಬೇಕು, ಫೈಲ್ ಎಳೆದು ಹಾಕಬಾರದು.

ಈ ಕೆಲಸಕ್ಕೆ ನಾನು ಬಳಸುವುದು ಡಿವಿಡಿಸ್ಟೈಲರ್. ಅದು ಉಚಿತ. ಹೊಸ ಪ್ರಾಜೆಕ್ಟ್ ಶುರು ಮಾಡುವಾಗ ಟಿವಿ ಪದ್ಧತಿ ಪಾಲ್ ಅಥವಾ ಎನ್‌ಟಿಎಸ್‌ಸಿ, ಚಿತ್ರದ ಆಕಾರ 16:9 ಅಥವಾ 4:3 ಅಂತ ಕೇಳುತ್ತದೆ. ಅಲ್ಲಿ ಅವಸರ ಮಾಡಬೇಡಿ. ನಮ್ಮಲ್ಲಿ ಪಾಲ್, ಅಂದರೆ 720×576, ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ). ಆದರೆ ಮೊಬೈಲ್ ಸಾಮಾನ್ಯವಾಗಿ ಹಿಡಿಯೋದು 30 ಫ್ರೇಮ್. 30ನ್ನು 25ಕ್ಕೆ ಇಳಿಸಿದರೆ ಐದು ಫ್ರೇಮ್ ಬಿಟ್ಟುಹೋಗುತ್ತದೆ, ಕುಣಿತ ತಡವರಿಸಿದ ಹಾಗೆ ಕಾಣುತ್ತದೆ. ಮಾತು ಜಾಸ್ತಿ ಇರುವ ವಿಡಿಯೋದಲ್ಲಿ ಇದು ಗೊತ್ತಾಗಲ್ಲ. ಯಕ್ಷಗಾನದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಇಲ್ಲಿ ಮಾರುವ ಹೆಚ್ಚಿನ ಪ್ಲೇಯರ್‌ಗಳು ಎನ್‌ಟಿಎಸ್‌ಸಿ ಕೂಡ ಓದುತ್ತವೆ. ಅದರಲ್ಲಿ ಗಾತ್ರ 720×480, ವೇಗ 29.97 ಫ್ರೇಮ್. ನಾನಾಗಿದ್ದರೆ ಹತ್ತು ನಿಮಿಷದ ತುಂಡನ್ನು ಎನ್‌ಟಿಎಸ್‌ಸಿಯಲ್ಲಿ ಮಾಡಿ, ಅಜ್ಜನ ಪ್ಲೇಯರ್‌ನಲ್ಲೇ ಹಾಕಿ ನೋಡಿ, ಆಮೇಲೆ ಮುಂದುವರಿಯುತ್ತಿದ್ದೆ.

ಧೀಂಗಿಣದಲ್ಲಿ ಚಿತ್ರ ಒಡೆಯೋದು ಯಾಕೆ ಗೊತ್ತಾ? ಒಂದೇ ಡಿಸ್ಕ್‌ಗೆ ಮೂರು ಗಂಟೆ ತುಂಬಿದ್ದಕ್ಕೆ. ಮಾಮೂಲಿ ಡಿಸ್ಕ್ 4.7 ಜಿಬಿ. ವಿಂಡೋಸ್ ಅದನ್ನೇ 4.37 ಅಂತ ತೋರಿಸುತ್ತದೆ, ಮೋಸ ಏನಿಲ್ಲ, ಎಣಿಸುವ ರೀತಿ ಬೇರೆ. 190 ನಿಮಿಷಕ್ಕೆ ಇದನ್ನು ಹಂಚಿದರೆ ಸೆಕೆಂಡಿಗೆ ಚಿತ್ರ, ಧ್ವನಿ ಎರಡೂ ಸೇರಿ ಬರೀ 3 ಮೆಗಾಬಿಟ್ ಚಿಲ್ಲರೆ ಡೇಟಾ ಸಿಗುತ್ತದೆ. ಡಿವಿಡಿಯಲ್ಲಿ ಚಿತ್ರಕ್ಕೆ 9.8ರವರೆಗೂ ಅವಕಾಶ ಇದೆ. ಭಾಗವತರು ಕೂತು ಹಾಡುವಾಗ 3 ಸಾಕು, ಯಾಕೆಂದರೆ ಒಂದು ಫ್ರೇಮಿಗೂ ಮುಂದಿನ ಫ್ರೇಮಿಗೂ ಹೆಚ್ಚು ಬದಲಾವಣೆ ಇಲ್ಲ. ವೇಷಧಾರಿ ಗಿರಗಿರ ತಿರುಗುವಾಗ ಪ್ರತಿ ಫ್ರೇಮೂ ಹೊಸದು. ಆಗ 3 ಮೆಗಾಬಿಟ್ ಎಲ್ಲಿ ಸಾಲುತ್ತದೆ? ಅದಕ್ಕೇ ಚೌಕ ಚೌಕ.

ಎರಡು ಡಿಸ್ಕ್ ಮಾಡಿ. ಒಂದೊಂದರಲ್ಲಿ 95 ನಿಮಿಷ. ಡಿಸ್ಕನ್ನು ಪೂರ್ತಿ ತುಂಬದೆ ಸ್ವಲ್ಪ ಜಾಗ ಬಿಟ್ಟರೂ ಸೆಕೆಂಡಿಗೆ 6 ಮೆಗಾಬಿಟ್ ಸಿಗುತ್ತದೆ. ಚಿತ್ರ ನೋಡುವ ಹಾಗಿರುತ್ತದೆ.

ಆ ಜಾಗ ಬಿಡೋದು ನಿಮ್ಮ ನಾಲ್ಕನೇ ಡಿಸ್ಕ್‌ಗೂ ಮದ್ದು. ರೈಟ್ ಆಗೋದು ನಡುವಿನಿಂದ ಅಂಚಿನ ಕಡೆಗೆ. ಅಂಚಿನಲ್ಲೇ ತಪ್ಪು ಹೆಚ್ಚು ಸೇರುವುದು, ಬೆರಳು ತಾಗುವುದೂ ಅಲ್ಲೇ. ಕೊನೆಯಲ್ಲಿ ಸ್ಟಕ್ ಆಗುತ್ತದೆ ಅಂದರೆ ನಾನು ಮೊದಲು ಅನುಮಾನ ಪಡೋದು ಅಂಚನ್ನೇ. 4.2 ಜಿಬಿ ಒಳಗೆ ಮುಗಿಸಿ. 16ರ ವೇಗದಲ್ಲಿ ರೈಟ್ ಮಾಡಬೇಡಿ, 4 ಅಥವಾ 8 ಇಡಿ. ಮುಗಿದ ಮೇಲೆ 'ವೆರಿಫೈ' ಮಾಡಿಸಿ. ಫೈನಲೈಸ್ ಆಗಿದೆಯಾ, ಅಂದರೆ ಡಿಸ್ಕ್ ಬರೆದು ಮುಗಿಸಿ ಮುಚ್ಚಿದೆಯಾ ಅಂತಲೂ ನೋಡಿ. ಅದಾಗದ ಡಿಸ್ಕನ್ನು ಮನೆಯ ಪ್ಲೇಯರ್ ಗುರುತು ಹಿಡಿಯದೆ ಇರಬಹುದು. ರೈಟ್ ಮಾಡೋದಕ್ಕೆ ಇಮ್ಗ್‌ಬರ್ನ್ ಒಳ್ಳೆಯದು.

ಇನ್ನೊಂದು ಮಾತು. ಡಿಸ್ಕ್ ಮೇಲೆ ಅಂಟಿಸುವ ಕಾಗದದ ಲೇಬಲ್ ಬೇಡವೇ ಬೇಡ. ಸ್ವಲ್ಪ ಓರೆಯಾಗಿ ಕೂತರೂ ತಿರುಗುವಾಗ ತೂಕ ಒಂದು ಕಡೆ ಎಳೆಯುತ್ತದೆ. ಮಾರ್ಕರ್‌ನಲ್ಲಿ ಬರೆಯಿರಿ.

ಮಸ್ಕತ್‌ನಿಂದ

ಸಾಗರದ ಅಣ್ಣ ಎರಡನೇ ಡಿಸ್ಕ್ ಬಗ್ಗೆ ಹೇಳಲಿಲ್ಲ, ಅದನ್ನು ನಾನು ಹೇಳ್ತೇನೆ. ಮಗಳ ಭರತನಾಟ್ಯದ ವಿಡಿಯೋ ಅಮ್ಮನಿಗೆ ಕಳಿಸುವಾಗ ನನಗೂ ಹೀಗೇ ಆಗಿತ್ತು. ಶುರುವಿನಲ್ಲಿ ಸರಿ ಇತ್ತು. ಅರ್ಧ ಗಂಟೆ ಆದ ಮೇಲೆ ಕಾಲು ಮೊದಲು ಬೀಳುತ್ತದೆ, ಗೆಜ್ಜೆ ಆಮೇಲೆ ಕೇಳುತ್ತದೆ. ನೋಡೋದಕ್ಕೇ ಸಂಕಟ.

ಮೊದಲು ಒಂದು ಪರೀಕ್ಷೆ ಮಾಡಿ. ಚೆಂಡೆ ಕೋಲು ಕಾಣುವ ಎರಡು ಜಾಗ ಹುಡುಕಿ, ಒಂದು ಶುರುವಿನಲ್ಲಿ, ಒಂದು ಕೊನೆಯಲ್ಲಿ. ಎರಡೂ ಕಡೆ ಒಂದೇ ಅಳತೆಯ ತಡ ಇದ್ದರೆ ಧ್ವನಿ ಅಷ್ಟು ಬೇಗ ಶುರುವಾಗುವ ಹಾಗೆ ಸರಿಸಿದರೆ ಮುಗಿಯಿತು. ಶುರುವಿನಲ್ಲಿ ಸರಿಯಿದ್ದು ಬರ್ತಾ ಬರ್ತಾ ಬೆಳೆದರೆ ತೊಂದರೆ ಮೊಬೈಲ್ ಫೈಲಿನಲ್ಲೇ ಇದೆ. ಮೊಬೈಲ್ ಒಂದೇ ವೇಗದಲ್ಲಿ ಫ್ರೇಮ್ ಹಿಡಿಯುವುದಿಲ್ಲ. ಬೆಳಕು ಕಡಿಮೆಯಾದರೆ ವೇಗ ಇಳಿಸುತ್ತದೆ, ಮತ್ತೆ ಏರಿಸುತ್ತದೆ. ರಾತ್ರಿ ರಂಗಸ್ಥಳದಲ್ಲಿ ಬೆಳಕು ಹೆಚ್ಚು ಕಡಿಮೆ ಆಗ್ತಾನೇ ಇರುತ್ತದೆ ಅಲ್ವಾ? ಬದಲಾಯಿಸುವ ಸಾಫ್ಟ್‌ವೇರ್ ಎಲ್ಲವೂ ಒಂದೇ ವೇಗ ಅಂದುಕೊಂಡು ಲೆಕ್ಕ ಹಾಕಿದರೆ ಧ್ವನಿ ಜಾರುತ್ತದೆ.

ಮೀಡಿಯಾಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆಯಿರಿ. ಫ್ರೇಮ್ ರೇಟ್ ಮೋಡ್ 'ವೇರಿಯಬಲ್' ಅಂತಿದ್ದರೆ ಇದೇ ಕಾರಣ ಇರಬೇಕು. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಬದಲಾಯಿಸುವ ಸಾಫ್ಟ್‌ವೇರ್‌ನಲ್ಲಿ ಆ ಫೈಲ್ ಹಾಕಿ, ವಿಡಿಯೋ ಟ್ಯಾಬ್‌ನಲ್ಲಿ 30 ಫ್ರೇಮ್, 'ಕಾನ್‌ಸ್ಟಂಟ್' ಅಂತ ಆರಿಸಿ ಹೊಸ ಎಂಪಿ4 ಮಾಡಿಕೊಳ್ಳಿ. ನೀವು ಎನ್‌ಟಿಎಸ್‌ಸಿ ಮಾಡೋದಾದರೆ 29.97 ಕೊಡಿ. ಗುಣಮಟ್ಟದ ಗುಂಡಿ ಸ್ವಲ್ಪ ಮೇಲೇ ಇರಲಿ, ಯಾಕೆಂದರೆ ಇನ್ನೊಂದು ಸಲ ಬದಲಾಯಿಸುವುದು ಬಾಕಿ ಇದೆ. ಧ್ವನಿ 48 ಕಿಲೋಹರ್ಟ್ಸ್ ಇರಲಿ, ಡಿವಿಡಿ ಕೇಳೋದು ಅದನ್ನೇ. ಹ್ಯಾಂಡ್‌ಬ್ರೇಕ್ ಡಿವಿಡಿ ಮಾಡಿಕೊಡುವುದಿಲ್ಲ ಅನ್ನೋದು ನೆನಪಿರಲಿ. ನಾನು ಅದರಲ್ಲೇ ಆಗುತ್ತದೆ ಅಂದುಕೊಂಡು ಒಂದು ಸಂಜೆ ಪೂರ್ತಿ ಹುಡುಕಿದ್ದೆ.

ಮೈಸೂರಿನಿಂದ

ಐಎಸ್‌ಒ ಮಾಡುವಾಗ 4 ಜಿಬಿ ಹತ್ತಿರ ಬಂದು ಎರರ್ ಕೊಟ್ಟರೆ ನೀವು ಉಳಿಸುತ್ತಿರುವ ಜಾಗ ನೋಡಿ. ಪೆನ್‌ಡ್ರೈವ್, ಹಳೇ ಹಾರ್ಡ್ ಡಿಸ್ಕ್‌ಗಳು ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟ್‌ನಲ್ಲಿ ಇರಬಹುದು. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ನಾನು ಎರಡು ದಿನ ಸಾಫ್ಟ್‌ವೇರನ್ನೇ ತೆಗೆದು ಹಾಕಿ ತೆಗೆದು ಹಾಕಿ ಮಾಡಿದೆ. ತಪ್ಪು ಇದ್ದದ್ದು ಪೆನ್‌ಡ್ರೈವ್‌ನಲ್ಲಿ. ಲ್ಯಾಪ್‌ಟಾಪಿನ ಒಳಗಿನ ಡ್ರೈವ್‌ನಲ್ಲೇ 10-12 ಜಿಬಿ ಖಾಲಿ ಇಟ್ಟುಕೊಂಡು ಕೆಲಸ ಮಾಡಿ. ಚಾರ್ಜರ್ ಹಾಕಿರಿ, ಸ್ಲೀಪ್ ಆಗದ ಹಾಗೆ ಮಾಡಿರಿ.

ಉಡುಪಿಯಿಂದ

ಪರೀಕ್ಷೆಗೆ ಅಂತ ಒಂದು ಆರ್‌ಡಬ್ಲ್ಯೂ ಡಿಸ್ಕ್ ಇಟ್ಟುಕೊಳ್ಳಿ, ಅಳಿಸಿ ಅಳಿಸಿ ಬಳಸಬಹುದು. ಆದರೆ ಅಜ್ಜನಿಗೆ ಕೊಡೋದಕ್ಕೆ ಬೇಡ. ಅದು ಬೆಳಕನ್ನು ಕಡಿಮೆ ಹಿಂತಿರುಗಿಸುತ್ತದೆ, ಹಳೇ ಪ್ಲೇಯರ್ ಓದದೆ ಇರಬಹುದು. ಕೊಡುವ ಪ್ರತಿಗೆ ಮಾಮೂಲಿ ಡಿವಿಡಿ-ಆರ್ ಒಳ್ಳೆಯದು.

ಹಳೇ ಟಿವಿ ಅಂದಿರಿ. ದಪ್ಪ ಹಿಂಭಾಗದ ಟಿವಿ ಆದರೆ ಅದು ಚಿತ್ರದ ಅಂಚನ್ನು ನಾಲ್ಕೂ ಕಡೆ ಸ್ವಲ್ಪ ಕತ್ತರಿಸುತ್ತದೆ. ಕೆಳಗೆ ಪಾತ್ರಧಾರಿಗಳ ಹೆಸರು ಹಾಕುವುದಿದ್ದರೆ ಒಳಕ್ಕೆ ಹಾಕಿ. ಇಲ್ಲದಿದ್ದರೆ ಅರ್ಧ ಅಕ್ಷರ ಕಾಣುತ್ತದೆ. ನಮ್ಮಲ್ಲಿ ಮಿನಿ ಡಿವಿ ಟೇಪಿನಿಂದ ತೆಗೆದ ಹಳೇ ಆಟಗಳಿವೆ. ಅವನ್ನು ಮಾಡುವಾಗ ಫೀಲ್ಡ್ ಆರ್ಡರ್ (ಚಿತ್ರದ ಗೆರೆಗಳು ಬರುವ ಕ್ರಮ) 'ಬಾಟಮ್ ಫಸ್ಟ್' ಅಂತಲೇ ಇರಬೇಕು. ತಪ್ಪಿದರೆ ಕೈ ಬೀಸಿದಾಗಲೆಲ್ಲ ಚಿತ್ರ ಹಿಂದೆ ಮುಂದೆ ನಡುಗುತ್ತದೆ. ನಿಮ್ಮದು ಮೊಬೈಲಿನದು, ಆ ತೊಂದರೆ ಬರುವುದಿಲ್ಲ.

ಬೆಂಗಳೂರಿನಿಂದ, ಎಂಟು ದಿನದ ಮೇಲೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲ ಡಿಸ್ಕ್ ತೆರೆದು ನೋಡಿದೆ, ಒಳಗೆ ಮೂರು ಎಂಪಿ4 ಹಾಗೇ ಇದ್ದವು. ಮೀಡಿಯಾಇನ್ಫೋದಲ್ಲಿ ಮೂರೂ 'ವೇರಿಯಬಲ್'. ಹ್ಯಾಂಡ್‌ಬ್ರೇಕ್‌ನಲ್ಲಿ 29.97 ಮಾಡಿ, ಡಿವಿಡಿಸ್ಟೈಲರ್‌ನಲ್ಲಿ ಬರೀ ಫೋಲ್ಡರ್ ಕಟ್ಟಿಸಿದೆ. ಅದನ್ನು ಲ್ಯಾಪ್‌ಟಾಪಿನ ವಿಡಿಯೋ ಪ್ಲೇಯರ್ ವಿಎಲ್‌ಸಿಯಲ್ಲಿ ತೆರೆದು ಕೊನೆಯ ಚೆಂಡೆ ಪೆಟ್ಟು ನೋಡಿದೆ. ಕೋಲು ಬಿದ್ದ ಕ್ಷಣಕ್ಕೇ ಸದ್ದು. ಆಮೇಲೇ ರೈಟ್ ಮಾಡಿದ್ದು, 4ರ ವೇಗದಲ್ಲಿ.

ಹತ್ತು ನಿಮಿಷದ ತುಂಡನ್ನು ಊರಿಗೆ ಹೊರಟಿದ್ದ ಚಿಕ್ಕಪ್ಪನ ಕೈಯಲ್ಲಿ ಕಳಿಸಿದ್ದೆ. ಅಜ್ಜನ ಪ್ಲೇಯರ್‌ನಲ್ಲಿ ಎನ್‌ಟಿಎಸ್‌ಸಿ ಓಡಿತು. ಧೀಂಗಿಣ ಒಡೆಯಲಿಲ್ಲವಂತೆ. ಆದರೆ ಬಣ್ಣದ ವೇಷದ ಕೆಂಪು ಸ್ವಲ್ಪ ಕದಡಿದ ಹಾಗಿದೆ ಅಂತ ಚಿಕ್ಕಪ್ಪ ಹೇಳಿದರು. ಟಿವಿಯಲ್ಲಿ ಬಣ್ಣ ಜಾಸ್ತಿ ಇಟ್ಟಿದ್ದರು, ಕಡಿಮೆ ಮಾಡಿದ ಮೇಲೆ ಪರವಾಗಿಲ್ಲ ಅಂದರು.

ಎರಡು ಡಿಸ್ಕ್ ಮಾಡಿದ್ದೇನೆ. 95 ನಿಮಿಷಕ್ಕೆ ಸರಿಯಾಗಿ ಕತ್ತರಿಸಿದರೆ ಒಂದು ಪದ್ಯದ ನಡುವೆ ಬರುತ್ತಿತ್ತು. ಅದಕ್ಕೆ 98ನೇ ನಿಮಿಷಕ್ಕೆ, ಪದ್ಯ ಮುಗಿದು ಅರ್ಥ (ಪಾತ್ರಧಾರಿಗಳ ಮಾತು) ಶುರುವಾಗುವ ಮೊದಲು ಕತ್ತರಿಸಿದೆ. ಡಿಸ್ಕ್ ಬದಲಾಯಿಸೋದನ್ನು ಅಜ್ಜಿಗೆ ಫೋನಿನಲ್ಲಿ ಹೇಳಿಕೊಟ್ಟಿದ್ದೇನೆ. ಮೊದಲನೆಯದರ ಮೇಲೆ ದೊಡ್ಡದಾಗಿ 1, ಎರಡನೆಯದರ ಮೇಲೆ 2 ಅಂತ ಮಾರ್ಕರ್‌ನಲ್ಲಿ ಬರೆದಿದ್ದೇನೆ. ಶನಿವಾರ ಊರಿಗೆ ಹೊರಡುತ್ತಿದ್ದೇನೆ.