ಸಹಾಯ ಬೇಕು: ಸಿನೆಮಾಸ್ಕೋಪ್ ರೀಲ್ ಪೂರಾ ಸ್ಕ್ಯಾನ್ ಮಾಡೋರು ಯಾರರ ಅದಾರೇನ್ರಿ?

ನಮಸ್ಕಾರ್ರಿ, ಬಾಗಲಕೋಟಿಯಿಂದ ಬರಿಯಾಕತ್ತೀನಿ. ನಮ್ಮ ಕಾಕಾ ಟಾಕೀಜಿನ್ಯಾಗ ಆಪರೇಟರ್ ಇದ್ರು. ಅವರ ಟ್ರಂಕಿನ್ಯಾಗ 35 ಎಂಎಂ ಸ್ಕೋಪ್ ರೀಲಿನ ತುಂಡು ಸಿಕ್ಕೈತಿ. ಬೆಳಕಿಗೆ ಹಿಡದ್ರ ಮಂದಿ ಎಲ್ಲಾ ಸಣಕಲ, ಚಕ್ಕಡಿ ಗಾಲಿ ನಿಂತ ತತ್ತಿ ಆಗೈತಿ! ಅಗಲ ಅರ್ಧಕ್ಕ ಒತ್ತಿ ತಗದಿರತಾರ, ಅದನ್ನ ಮತ್ತ ಅಗಲಕ್ಕ ಹಿಗ್ಗಿಸೋ ಅನಾಮಾರ್ಫಿಕ್ ಲೆನ್ಸ್ ಹಾಕಿದ್ರನ 2.35:1 (ಅಗಲ:ಎತ್ತರ) ಪರದೆ ತುಂಬತೈತಿ ಅಂತಾರ ಕಾಕಾ.

ಸ್ಕ್ಯಾನಿಗೆ ಕೊಟ್ಟರ ಅಂಗಡ್ಯಾಂವ ಹಿಗ್ಗಿಸಿದ್ದೇನೋ ಖರೆ, ಆದ್ರ ಹಳೇ ಟಿವಿ ಗತೆ 4:3ಕ್ಕ ಕತ್ತರಿಸಿಬಿಟ್ಟಾನ. ನೂರಕ್ಕ 43 ಪಾಲು ಚಿತ್ರ ಹೋತು. ಮಾತಾಡೋ ಇಬ್ಬರಾಗ ಒಬ್ಬಂದು ಮೂಗಷ್ಟ ಉಳದೈತಿ. ಕಾಕಾ ನೋಡಿ ಸುಮ್ನ ಎದ್ದು ಹೋದ್ರು.

ಬೆಳಗಾವಿ, ವಿಜಯಪುರ ಕಡೆ ಫ್ರೇಮ್ ಅಂಚಿನಿಂದ ಅಂಚಿಗೆ ಸ್ಕ್ಯಾನ್ ಮಾಡೋರಿದ್ರ ತಿಳಸ್ರಿ. ರೀಲಿಗೆ ವಿನೆಗರ್ ವಾಸನಿ ಹತ್ತೈತಿ, ಅಂದ್ರ ಫಿಲ್ಮ್ ಕೆಡಾಕತ್ತೈತಿ, ಜರಾ ಲಗೂ.