ಸೋಲಾರ್ ಮರ: 900 ವ್ಯಾಟ್ ಪ್ಯಾನಲ್ ಇದ್ದರೂ ಬೆಳಿಗ್ಗೆ 115 ವ್ಯಾಟ್ ದಾಟುತ್ತಿಲ್ಲ, ದಾರಿ ತೋರಿಸಿ

ಹಿರಿಯೂರು_ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಗ್ರಂಥಾಲಯದ ಮುಂದೆ ಸೋಲಾರ್ ಮರ ನಿಲ್ಲಿಸಿದ್ದೇವೆ, ಅಂದರೆ ಕಂಬಕ್ಕೆ ಕೊಂಬೆಗಳನ್ನು ಹಚ್ಚಿ ಅವುಗಳ ತುದಿಗೆ ಪ್ಯಾನಲ್ ಕೂರಿಸಿದ್ದೇವೆ. 100 ವ್ಯಾಟಿನ ಪ್ಯಾನಲ್ 9, ಎಂಪಿಪಿಟಿ ಕಂಟ್ರೋಲರ್ (ಪ್ಯಾನಲ್‌ನಿಂದ ಅತಿ ಹೆಚ್ಚು ವ್ಯಾಟ್ ಸಿಗುವ ವೋಲ್ಟೇಜ್ ಹುಡುಕಿ ಬ್ಯಾಟರಿ ತುಂಬಿಸುವ ಡಬ್ಬಿ) 40 ಆಂಪ್ಸ್, 150 ಎಎಚ್ ಟ್ಯೂಬುಲರ್ ಬ್ಯಾಟರಿ ಎರಡು, 24 ವೋಲ್ಟ್. ದೀಪಾವಳಿ ಕಳೆದ ಮೇಲೆ ಚಾಲೂ ಮಾಡಿದೆವು. ಅವತ್ತಿನಿಂದ ಇದೇ ಗೋಳು. ಬೆಳಿಗ್ಗೆ 9 ಗಂಟೆಗೆ 115 ವ್ಯಾಟ್. ನೆತ್ತಿ ಸುಡುವ ಹೊತ್ತಿನಲ್ಲೂ 430 ದಾಟಿಲ್ಲ. ರಾತ್ರಿ ಓದಲು ಬರುವ ಮಕ್ಕಳಿಗೆ ಎಂಟೂವರೆಗೆಲ್ಲ ದೀಪ ಆರಿಹೋಗುತ್ತದೆ. ಪ್ಯಾನಲ್ ಎಲ್ಲವೂ ಚೆನ್ನಾಗಿವೆ, ಒಂದೊಂದನ್ನೂ ಬಿಚ್ಚಿ ಅಳೆದಿದ್ದೇನೆ, 21-22 ವೋಲ್ಟ್ ಬರುತ್ತದೆ. ಊರಿನವರಿಂದ ಚಂದಾ ಎತ್ತಿ ಮಾಡಿದ ಕೆಲಸ. ಕಟ್ಟೆಯ ಮೇಲೆ ಕೂತವರು ದಿನಾ ಕೇಳುತ್ತಾರೆ. ಏನು ತಪ್ಪಿದೆ ಹೇಳಿ ಪ್ಲೀಸ್.

ವೈರ್‌ಮನ್_ದಾವಣಗೆರೆ:
ಕನೆಕ್ಟರ್. ನೂರಕ್ಕೆ ತೊಂಬತ್ತು ಕಡೆ ಇದೇ ಸಮಸ್ಯೆ. ಎಂಸಿ4ಗೆ (ಪ್ಯಾನಲ್ ವೈರ್ ಸೇರಿಸುವ ಕನೆಕ್ಟರ್) ಕ್ರಿಂಪಿಂಗ್ ಟೂಲ್ ಹಾಕಿದ್ದೀರಾ, ಇಲ್ಲಾ ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿ ಬಿಟ್ಟಿದ್ದೀರಾ? ಲೋಡ್ ಇಲ್ಲದಾಗ ವೋಲ್ಟೇಜ್ ಸರಿ ತೋರಿಸುತ್ತದೆ, ಕರೆಂಟ್ ಹರಿಯಲು ಶುರುವಾದರೆ ಅಲ್ಲೇ ಬೀಳುತ್ತದೆ. ಮಧ್ಯಾಹ್ನ ಒಂದೊಂದು ಕನೆಕ್ಟರನ್ನೂ ಮುಟ್ಟಿ ನೋಡಿ, ಬಿಸಿ ಇರುವುದು ಸಿಗುತ್ತದೆ.

ತಾರಸಿ_ಸೋಲಾರ್:
ಧೂಳು ಒರೆಸಿದ್ದೀರಾ? ಹಿರಿಯೂರು ಕಡೆ ಜನವರಿಯಲ್ಲಿ ಮಳೆ ಇಲ್ಲ. ಇನ್ನೊಂದು, ಬ್ಯಾಟರಿ ತುಂಬಿದ್ದರೆ ಕಂಟ್ರೋಲರ್ ತಾನಾಗಿಯೇ ಕರೆಂಟ್ ಇಳಿಸುತ್ತದೆ. ಅದನ್ನೇ ದೋಷ ಅಂದುಕೊಂಡು ಒದ್ದಾಡುವವರು ತುಂಬಾ ಜನ. ನಮ್ಮ ತಾರಸಿಯಲ್ಲಿ 3 ಕಿಲೋವ್ಯಾಟ್ ಇದೆ, 78,000 ಸಬ್ಸಿಡಿಯೂ ಬಂತು. ವಾರಕ್ಕೊಮ್ಮೆ ಒರೆಸಿದರೆ ದಿನಕ್ಕೆ 12 ಯೂನಿಟ್ ಆರಾಮಾಗಿ ಬರುತ್ತದೆ.

ಹಿರಿಯೂರು_ಹುಡುಗ:
ಧೂಳು ಇಲ್ಲ ಅಣ್ಣ, ಉದ್ದ ಕೋಲಿಗೆ ಬಟ್ಟೆ ಕಟ್ಟಿ ಒರೆಸುತ್ತೇವೆ. ಬ್ಯಾಟರಿ ತುಂಬುವುದೇ ಇಲ್ಲ, ಬೆಳಿಗ್ಗೆ 24.3 ಇರುತ್ತದೆ. ವೈರ್‌ಮನ್ ಅಣ್ಣ, ಟೂಲ್ ತಂದು ಕನೆಕ್ಟರ್ ಎಲ್ಲ ಹೊಸದಾಗಿ ಹಾಕಿದೆ. ರೀಡಿಂಗ್ ಹಾಗೇ ಇದೆ. ಒಂದು ವಿಚಿತ್ರ ಹೇಳಬೇಕು. ಕೆಲವೊಮ್ಮೆ ಪ್ಯಾನಲ್ ಕಡೆಯ ಎಂಸಿಬಿ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ 115 ಇದ್ದದ್ದು ತಟ್ಟನೆ 300ಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬೀಳುತ್ತದೆ.

ವೈರ್‌ಮನ್_ದಾವಣಗೆರೆ:
ಅಷ್ಟೇ ಸಾಕು, ಇದು ಲೂಸ್ ಕಾಂಟ್ಯಾಕ್ಟೇ. ಆಫ್-ಆನ್ ಮಾಡಿದಾಗ ಕೂಡಿಕೊಳ್ಳುತ್ತದೆ, ಆಮೇಲೆ ಬಿಡುತ್ತದೆ. ಎಂಸಿಬಿ ಎಸಿದೋ ಡಿಸಿದೋ? ಮೊದಲು ಅದನ್ನು ಬದಲಿಸಿ. ಕೇಬಲ್ ಎಷ್ಟು ಉದ್ದ?

ಹಿರಿಯೂರು_ಹುಡುಗ:
ಡಿಸಿ ಎಂಸಿಬಿನೇ. ಮರದಿಂದ ಕಂಟ್ರೋಲರ್‌ಗೆ 15 ಮೀಟರ್, 4 ಸ್ಕ್ವೇರ್ ಎಂಎಂ ತಾಮ್ರ.

ಬಿಸಿಲು_ಲೆಕ್ಕ:
ಕೇಬಲ್ ಅಲ್ಲ. ಹೋಗಿ ಬರುವ 30 ಮೀಟರಿಗೆ ರೆಸಿಸ್ಟೆನ್ಸ್ 0.15 ಓಮ್ ಆಸುಪಾಸು. 10 ಆಂಪ್ಸ್ ಹರಿದರೂ ಬೀಳುವುದು ಒಂದೂವರೆ ವೋಲ್ಟ್.
ಎರಡು ಪ್ರಶ್ನೆ. ಎಂಸಿಬಿ ಆಫ್-ಆನ್ ಮಾಡುವ ಮೊದಲು ಮತ್ತು ಆಮೇಲೆ ಕಂಟ್ರೋಲರ್‌ನಲ್ಲಿ ಪ್ಯಾನಲ್ ವೋಲ್ಟೇಜ್ ಎಷ್ಟು ತೋರಿಸುತ್ತದೆ? ಪ್ಯಾನಲ್‌ಗಳು ಯಾವ ದಿಕ್ಕಿಗಿವೆ, ಯಾವುದಕ್ಕೆ ಯಾವುದನ್ನು ಸೀರೀಸ್ (ಒಂದರ ಬೆನ್ನಿಗೆ ಒಂದು) ಮಾಡಿದ್ದೀರಿ?

ಗಣಿತ_ಮೇಷ್ಟ್ರು:
ಮರ ಅಂದ ಮೇಲೆ ಎಲೆಗಳ ಜೋಡಣೆ ಮುಖ್ಯ. ಪ್ರಕೃತಿಯಲ್ಲಿ ಎಷ್ಟೋ ಗಿಡಗಳ ಎಲೆಗಳು ಫಿಬೊನಾಚಿ ಸಂಖ್ಯೆಗಳ (1, 1, 2, 3, 5, 8 ಹೀಗೆ) ಸುರುಳಿಯಲ್ಲಿ ಇರುತ್ತವೆ. 2011ರಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ಆ ಜೋಡಣೆಯಲ್ಲಿ ಪ್ಯಾನಲ್ ಇಟ್ಟು 20ರಿಂದ 50 ಶೇಕಡಾ ಜಾಸ್ತಿ ಬಂತು ಎಂದು ತೋರಿಸಿದ. ಬಹುಮಾನವೂ ಬಂತು. ನಿಮ್ಮ ಕೊಂಬೆಗಳು ಯಾವ ಕೋನದಲ್ಲಿವೆ?

ಬಿಸಿಲು_ಲೆಕ್ಕ:
ಮೇಷ್ಟ್ರೇ, ಆ ಹುಡುಗ ಅಳೆದದ್ದು ಲೋಡ್ ಇಲ್ಲದ ವೋಲ್ಟೇಜ್, ವ್ಯಾಟ್ ಅಲ್ಲ. ಮಂಕು ಬೆಳಕಿದ್ದರೂ ವೋಲ್ಟೇಜ್ ಹತ್ತಿರ ಹತ್ತಿರ ಪೂರ್ತಿ ಇರುತ್ತದೆ, ಇಳಿಯುವುದು ಕರೆಂಟ್. ಆಗಲೇ ತಿಳಿದವರು ಇದನ್ನು ಎತ್ತಿ ತೋರಿಸಿದ್ದರು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಂಥ ಪ್ರಶ್ನೆ ಕೇಳಿದ್ದು ದೊಡ್ಡದು, ಆದರೆ ಆ ಅಂಕಿ ನಂಬಿ ಕಬ್ಬಿಣ ಕತ್ತರಿಸಬೇಡಿ.

ಗಣಿತ_ಮೇಷ್ಟ್ರು:
ಅಳತೆಯ ವಿಷಯ ಒಪ್ಪುತ್ತೇನೆ. ಆದರೆ ಒಂದು ಎಲೆಯ ನೆರಳು ಇನ್ನೊಂದರ ಮೇಲೆ ಬೀಳದ ಹಾಗೆ ಗಿಡ ಜೋಡಿಸಿಕೊಳ್ಳುತ್ತದಲ್ವಾ? ಅದನ್ನು ಸುಮ್ನೆ ತಳ್ಳಿಹಾಕುವುದು ಸರಿಯಲ್ಲ.

ಹಿರಿಯೂರು_ಹುಡುಗ:
ಮೂರು ಸುತ್ತು ಕೊಂಬೆ, ಸುತ್ತಿಗೆ ಮೂರು ಪ್ಯಾನಲ್. ಕೆಳಗಿನ ಸುತ್ತಿನಲ್ಲಿ ಒಂದು ದಕ್ಷಿಣಕ್ಕೆ, ಒಂದು ಈಶಾನ್ಯಕ್ಕೆ, ಒಂದು ವಾಯವ್ಯಕ್ಕೆ. ಮೇಲಿನ ಸುತ್ತುಗಳನ್ನು ಸ್ವಲ್ಪ ಸ್ವಲ್ಪ ತಿರುಗಿಸಿದ್ದೇವೆ, ಮರದ ಹಾಗೇ ಕಾಣಲಿ ಅಂತ. ಇಳಿಜಾರು 30 ಡಿಗ್ರಿ. ಒಂದೊಂದು ಸುತ್ತಿನ ಮೂರನ್ನು ಸೀರೀಸ್ ಮಾಡಿ, ಮೂರು ಸುತ್ತನ್ನೂ ಪ್ಯಾರಲಲ್ (ಅಕ್ಕಪಕ್ಕ) ಮಾಡಿದ್ದೇವೆ. ಊರಿನ ಅರಳಿ ಮರ ಉತ್ತರಕ್ಕಿದೆ, ಅದರ ನೆರಳು ಬೀಳುವುದಿಲ್ಲ.
ಇವತ್ತು 9 ಗಂಟೆಗೆ ನೋಡಿದೆ. 115 ವ್ಯಾಟ್ ಇರುವಾಗ ಪ್ಯಾನಲ್ ವೋಲ್ಟೇಜ್ 52. ಎಂಸಿಬಿ ಆಡಿಸಿ 300 ಆದಾಗ 34.

ಕಬ್ಬಿಣದ_ಕೆಲಸ:
ಎತ್ತರ ಎಷ್ಟು, ಪೈಪ್ ಎಷ್ಟು ಇಂಚು, ಪಾಯ ಎಷ್ಟು ಆಳ? ಕರೆಂಟ್ ಆಮೇಲೆ ನೋಡಿಕೊಳ್ಳಬಹುದು. ಕೆಳಗೆ ಮಕ್ಕಳು ಓಡಾಡುತ್ತಾರೆ ಅಂತೀರಿ.

ಬಿಸಿಲು_ಲೆಕ್ಕ:
ವೋಲ್ಟೇಜ್ ಕಡಿಮೆ ಆದಾಗ ವ್ಯಾಟ್ ಜಾಸ್ತಿ. ಸಮಸ್ಯೆ ಇಲ್ಲೇ ಇದೆ. ಇನ್ನೊಂದು ಕೆಲಸ ಮಾಡಿ. ನಾಳೆ ಅದೇ ಹೊತ್ತಿಗೆ ಎಂಸಿಬಿ ಆಫ್ ಮಾಡಿ, ಕೆಳಗಿನ ಸುತ್ತಿನ ಮೂರು ಪ್ಯಾನಲನ್ನೂ ಬಿಡಿಬಿಡಿಯಾಗಿ ಮಲ್ಟಿಮೀಟರಿನ 10 ಆಂಪ್ಸ್ ಜಾಗಕ್ಕೆ ಹಾಕಿ ಶಾರ್ಟ್ ಕರೆಂಟ್ ಅಳೆಯಿರಿ. ಬಿಚ್ಚುವ ಮೊದಲು ಪ್ಯಾನಲಿಗೆ ಗೋಣಿಚೀಲ ಮುಚ್ಚಿ, ಕಿಡಿ ಹಾರುವುದಿಲ್ಲ.

ವೈರ್‌ಮನ್_ದಾವಣಗೆರೆ:
ವೋಲ್ಟೇಜ್ ಬಿದ್ದಿದೆ ಅಂದರೆ ಜಾಯಿಂಟ್‌ನಲ್ಲಿ ಬಿದ್ದಿದೆ. ಇಲ್ಲವೇ ಆ ಕಂಟ್ರೋಲರ್ ಎಂಪಿಪಿಟಿನೇ ಅಲ್ಲ. ಸಾದಾ ಪಿಡಬ್ಲ್ಯೂಎಂ ಕಂಟ್ರೋಲರ್ ಡಬ್ಬಿಗೆ ಎಂಪಿಪಿಟಿ ಸ್ಟಿಕ್ಕರ್ ಅಂಟಿಸಿ ಮಾರುವುದು ಎಷ್ಟು ನೋಡಿಲ್ಲ.

ಬಿಸಿಲು_ಲೆಕ್ಕ:
ಪಿಡಬ್ಲ್ಯೂಎಂ ಆಗಿದ್ದರೆ ಪ್ಯಾನಲ್ ವೋಲ್ಟೇಜ್ ಬ್ಯಾಟರಿ ವೋಲ್ಟೇಜಿನ ಹತ್ತಿರವೇ ಇರುತ್ತಿತ್ತು. 52 ಬರುತ್ತಿರಲಿಲ್ಲ. ಜಾಯಿಂಟ್ ಕೆಟ್ಟಿದ್ದರೆ ವೋಲ್ಟೇಜ್ ಬಿದ್ದಾಗ ವ್ಯಾಟೂ ಬೀಳಬೇಕಿತ್ತು, ಇಲ್ಲಿ ಏರಿದೆ.

ಹಿರಿಯೂರು_ಹುಡುಗ:
ಅಳೆದೆ. ದಕ್ಷಿಣ 3.3 ಆಂಪ್ಸ್, ಈಶಾನ್ಯ 3.1, ವಾಯವ್ಯ 0.7. ವಾಯವ್ಯದ ಪ್ಯಾನಲ್ ಕೆಟ್ಟಿದೆಯಾ? ಬಿಲ್ ಇದೆ, ವಾರಂಟಿ ಕೇಳಬಹುದು.

ಬಿಸಿಲು_ಲೆಕ್ಕ:
ಕೆಟ್ಟಿಲ್ಲ. ಸಂಜೆ 4 ಗಂಟೆಗೆ ಅದನ್ನೇ ಅಳೆದು ನೋಡಿ, ಕರೆಂಟ್ ಏರಿರುತ್ತದೆ. ಬೆಳಿಗ್ಗೆ ಅದು ಸೂರ್ಯನಿಗೆ ಬೆನ್ನು ಹಾಕಿದೆ, ಅಷ್ಟೇ.
ಸೀರೀಸ್‌ನಲ್ಲಿ ಮೂರರಲ್ಲೂ ಹರಿಯಬೇಕಾದದ್ದು ಒಂದೇ ಕರೆಂಟ್. ಪ್ರತಿ ಪ್ಯಾನಲ್ ಕೆಲಸ ಮಾಡುವಾಗ ಸುಮಾರು 18 ವೋಲ್ಟ್ ಹಿಡಿಯಿರಿ. ಮೂರೂ ದುಡಿಯಬೇಕು ಅಂದರೆ 54 ವೋಲ್ಟ್, ಆದರೆ 0.7 ಆಂಪ್ಸ್ ಮಾತ್ರ. ಅಂದರೆ ಒಂದು ಸುತ್ತಿಗೆ 38 ವ್ಯಾಟ್. ವಾಯವ್ಯದ್ದನ್ನು ಬಿಟ್ಟು ಎರಡೇ ದುಡಿದರೆ 36 ವೋಲ್ಟ್, 3.1 ಆಂಪ್ಸ್, 110 ವ್ಯಾಟ್ ಆಸುಪಾಸು. ಆಗ ವಾಯವ್ಯದ ಪ್ಯಾನಲ್ ಹಿಂದಿನ ಡಬ್ಬಿಯಲ್ಲಿರುವ ಬೈಪಾಸ್ ಡಯೋಡ್ ಕರೆಂಟನ್ನು ಪಕ್ಕದಿಂದ ದಾಟಿಸುತ್ತದೆ. ನಿಮ್ಮ 52 ವೋಲ್ಟ್ ಮತ್ತು 34 ವೋಲ್ಟ್ ಈ ಎರಡು ಸ್ಥಿತಿಗಳೇ.
ಸಾಮಾನ್ಯ ಎಂಪಿಪಿಟಿ ಮೊದಲು ಸಿಕ್ಕ ವ್ಯಾಟಿನ ಏರಿನ ಮೇಲೆ ಕೂತುಬಿಡುತ್ತದೆ, ಪಕ್ಕದಲ್ಲಿ ಇನ್ನೂ ದೊಡ್ಡ ಏರು ಇದೆ ಎಂದು ಅದಕ್ಕೆ ಕಾಣುವುದಿಲ್ಲ. ಎಂಸಿಬಿ ಆಫ್-ಆನ್ ಮಾಡಿದಾಗ ಹೊಸದಾಗಿ ಹುಡುಕುತ್ತದೆ, ಕೆಲವೊಮ್ಮೆ ದೊಡ್ಡದು ಸಿಗುತ್ತದೆ.

ಹಿರಿಯೂರು_ಹುಡುಗ:
ಹಾಗಾದರೆ ಎಲ್ಲವನ್ನೂ ದಕ್ಷಿಣಕ್ಕೇ ತಿರುಗಿಸಬೇಕಾ? ಆಮೇಲೆ ಅದು ಮರ ಹೇಗಾಗುತ್ತದೆ?

ಬಿಸಿಲು_ಲೆಕ್ಕ:
ಬೇಡ. ಸುತ್ತಿನ ಪ್ರಕಾರ ಸೀರೀಸ್ ಮಾಡಬೇಡಿ, ದಿಕ್ಕಿನ ಪ್ರಕಾರ ಮಾಡಿ. ಪೂರ್ವದ ಮಗ್ಗುಲಿನ ಮೂರು ಒಂದು ಸಾಲು, ದಕ್ಷಿಣ-ನೈಋತ್ಯದ ಮೂರು ಒಂದು, ಉಳಿದ ಮೂರು ಒಂದು. ಮೂರು ಸಾಲೂ ಪ್ಯಾರಲಲ್. ಬಿಸಿಲು ಏರುಪೇರಾದರೂ ವೋಲ್ಟೇಜ್ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಪ್ಯಾರಲಲ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ತೊಂದರೆ ಕಡಿಮೆ. ಸಾಲಿಗೊಂದು ಫ್ಯೂಸ್ ಹಾಕಿ, ಎಷ್ಟು ಆಂಪ್ಸ್ ಎಂದು ಪ್ಯಾನಲ್ ಹಿಂದಿನ ಲೇಬಲ್‌ನಲ್ಲಿದೆ.
ಇದಕ್ಕಿಂತ ದೊಡ್ಡ ಲಾಭ ಇಳಿಜಾರಿನಲ್ಲಿದೆ. 30 ಡಿಗ್ರಿ ನಮ್ಮ ಕಡೆಗೆ ಜಾಸ್ತಿ. ಹಿರಿಯೂರು 14 ಡಿಗ್ರಿ ಅಕ್ಷಾಂಶ. ಕೊಂಬೆ ತುದಿಯನ್ನು 10 ಡಿಗ್ರಿಗೆ ಇಳಿಸಿದರೆ ಉತ್ತರಕ್ಕೆ ಮುಖ ಮಾಡಿದವೂ ಆಕಾಶ ನೋಡುತ್ತವೆ. ಮಳೆ ನೀರು ಹರಿಯಲು ಅಷ್ಟು ಸಾಕು. ದುರ್ಗಾಪುರದ ಸಿಎಂಇಆರ್‌ಐ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ 2020ರಲ್ಲಿ ನಿಲ್ಲಿಸಿದ 11.5 ಕಿಲೋವ್ಯಾಟಿನ ಮರದಲ್ಲೂ ಕೊಂಬೆಗಳ ಇಳಿಜಾರು ಬದಲಿಸುವ ಹಾಗೆ ಮಾಡಿದ್ದಾರೆ.

ತಾರಸಿ_ಸೋಲಾರ್:
ಆ ದುರ್ಗಾಪುರದ ಮರಕ್ಕೆ 2020ರಲ್ಲಿ ಏಳೂವರೆ ಲಕ್ಷ ಇತ್ತು. ವರ್ಷಕ್ಕೆ 12,000ದಿಂದ 14,000 ಯೂನಿಟ್ ಅಂತ ಅವರೇ ಹೇಳಿದ್ದಾರೆ. ಕಿಲೋವ್ಯಾಟಿಗೆ ದಿನಕ್ಕೆ 3 ಯೂನಿಟ್ ಆಸುಪಾಸು ಆಯಿತು. ನಮ್ಮ ತಾರಸಿ 4 ಕೊಡುತ್ತಿದೆ. ಗ್ರಂಥಾಲಯದ ಸೂರಿನ ಮೇಲೆ ಹಾಕಿದ್ದರೆ ಈ ತಾಪತ್ರಯವೇ ಇರಲಿಲ್ಲ.

ಹಿರಿಯೂರು_ಹುಡುಗ:
ಗ್ರಂಥಾಲಯಕ್ಕೆ ಹಳೇ ಮಂಗಳೂರು ಹೆಂಚು ಅಣ್ಣ. ಭಾರ ತಡೆಯುವುದಿಲ್ಲ.

ಗಣಿತ_ಮೇಷ್ಟ್ರು:
ಜಾಗದ ಲೆಕ್ಕವೂ ಹಾಕಬೇಕು. 5 ಕಿಲೋವ್ಯಾಟಿಗೆ ನೆಲದ ಮೇಲೆ 400 ಚದರ ಅಡಿ ಬೇಕಾದರೆ ಮರಕ್ಕೆ 4 ಚದರ ಅಡಿ ಸಾಕು ಎಂದು ಸಿಎಂಇಆರ್‌ಐನವರೇ 2016ರಲ್ಲಿ ಹೇಳಿದ್ದರು. ಪಾವಗಡದಲ್ಲಿ 2,050 ಮೆಗಾವ್ಯಾಟಿಗೆ 13,000 ಎಕರೆ ಹೋಗಿದೆ.

ತಾರಸಿ_ಸೋಲಾರ್:
4 ಚದರ ಅಡಿ ಅನ್ನುವುದು ಬುಡಕ್ಕೆ. ನೆರಳು ಎಷ್ಟು ಜಾಗಕ್ಕೆ ಬೀಳುತ್ತದೆ? ಪಾವಗಡದಲ್ಲಿ ಮರ ನಿಲ್ಲಿಸಿದರೂ ಒಂದರ ನೆರಳು ಇನ್ನೊಂದಕ್ಕೆ ಬೀಳದ ಹಾಗೆ ದೂರ ಬಿಡಲೇಬೇಕು. ಊರ ಕಟ್ಟೆಗೆ ಸರಿ, ಪಾರ್ಕಿಗೆ ಸರಿ. ಎಲ್ಲ ಕಡೆಗೂ ಅಲ್ಲ.

ಸಿಂಗಾಪುರ_ಕನ್ನಡಿಗ:
ಇಲ್ಲಿ ಗಾರ್ಡನ್ಸ್ ಬೈ ದ ಬೇ ಉದ್ಯಾನದಲ್ಲಿ ಮರದಾಕಾರದ ಗೋಪುರಗಳು, 18 ಸೂಪರ್‌ಟ್ರೀ ಇವೆ, 11ರ ಮೇಲೆ ಸೋಲಾರ್. 25ರಿಂದ 50 ಮೀಟರ್ ಎತ್ತರ. ರಾತ್ರಿ ದೀಪ ಹತ್ತಿದಾಗ ಒಮ್ಮೆ ನೋಡಬೇಕು. ಊರಿಂದ ಯಾರೇ ಬಂದರೂ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಕಬ್ಬಿಣದ_ಕೆಲಸ:
ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. 9 ಪ್ಯಾನಲ್ ಅಂದರೆ ಸುಮಾರು 6 ಚದರ ಮೀಟರ್. ಬೆಂಗಳೂರಿಗೆ ಕಟ್ಟಡ ಕೋಡ್ ಪ್ರಕಾರ ಹಿಡಿಯುವ ಗಾಳಿ ಸೆಕೆಂಡಿಗೆ 33 ಮೀಟರ್. ಚದರ ಮೀಟರಿಗೆ 65 ಕೆಜಿ ಒತ್ತಡ. ಪೂರ್ತಿ ಎದುರಾದರೆ 400 ಕೆಜಿ ತಳ್ಳಿದ ಹಾಗೆ, ಅದೂ ಕಂಬದ ತುದಿಯಲ್ಲಿ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಗಾಳಿ ಇದೆ ಅಂತಲೇ ಅಲ್ವಾ? 10 ಡಿಗ್ರಿಗೆ ಇಳಿಸಿದರೆ ಗಾಳಿಗೆ ಸಿಗುವ ಮೈ ಕಡಿಮೆಯಾಗುತ್ತದೆ, ಅದಕ್ಕಾದರೂ ಇಳಿಸಿ.

ಹಿರಿಯೂರು_ಹುಡುಗ:
14 ಅಡಿ, 4 ಇಂಚು ಜಿಐ ಪೈಪ್. ಪಾಯ ಮೂರು ಅಡಿ ಕಾಂಕ್ರೀಟ್.

ಕಬ್ಬಿಣದ_ಕೆಲಸ:
ನನಗೆ ಸಮಾಧಾನ ಇಲ್ಲ. ಮುಂಗಾರಿಗೆ ಮೊದಲು ಸಿವಿಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಬೇಸ್ ಪ್ಲೇಟಿನ ಫೋಟೋ ಹಾಕಿ, ವೆಲ್ಡಿಂಗ್ ನೋಡಬೇಕು. ಅಲ್ಲಿವರೆಗೆ ಗಾಳಿ ಜೋರಾದಾಗ ಮಕ್ಕಳನ್ನು ಕೆಳಗೆ ಬಿಡಬೇಡಿ.

ಹಿರಿಯೂರು_ಹುಡುಗ:
ದಿಕ್ಕಿನ ಪ್ರಕಾರ ಸಾಲು ಮಾಡಿದೆ. 9 ಗಂಟೆಗೆ 290 ವ್ಯಾಟ್, ಎಂಸಿಬಿ ಮುಟ್ಟದೆ. ಮಧ್ಯಾಹ್ನ 520. ನಿನ್ನೆ ರಾತ್ರಿ ಹತ್ತರವರೆಗೂ ದೀಪ ಇತ್ತು, ಎಸ್‌ಎಸ್‌ಎಲ್‌ಸಿ ಮಕ್ಕಳು ಕೂತೇ ಇದ್ದರು. ಕೊಂಬೆ ಬಗ್ಗಿಸಲು ವೆಲ್ಡರ್ ಸಂತೆ ಮುಗಿದ ಮೇಲೆ ಬರುತ್ತಾರೆ. ಪಾಯದ ಫೋಟೋ ಅವತ್ತೇ ಹಾಕುತ್ತೇನೆ.

ಗಣಿತ_ಮೇಷ್ಟ್ರು:
ಬಗ್ಗಿಸುವಾಗ ಒಂದು ಗಮನಿಸಿ. ಏಪ್ರಿಲ್ ಕೊನೆಗೆ ನಿಮ್ಮೂರಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ. ಮೇಲಿನ ಸುತ್ತು ಕೆಳಗಿನದರ ನೇರಕ್ಕೆ ಬಂದರೆ ನಡುಮಧ್ಯಾಹ್ನವೇ ನೆರಳು. ನೀವು ಸುತ್ತುಗಳನ್ನು ತಿರುಗಿಸಿ ಇಟ್ಟಿದ್ದೀರಲ್ಲ, ಅದನ್ನು ಹಾಗೇ ಉಳಿಸಿಕೊಳ್ಳಿ.

ಬಿಸಿಲು_ಲೆಕ್ಕ:
ಇದು ಮೇಷ್ಟ್ರು ಹೇಳಿದ್ದು ಸರಿ. ಕೆಳಗಿನ ಕೊಂಬೆಗಳನ್ನು ಒಂದಡಿ ಉದ್ದ ಮಾಡಿದರೆ ಇನ್ನೂ ಒಳ್ಳೆಯದು, ಕಬ್ಬಿಣದವರು ಒಪ್ಪಿದರೆ.

ವೈರ್‌ಮನ್_ದಾವಣಗೆರೆ:
ಹೊಸ ಸಾಲು ಮಾಡುವಾಗ ಕನೆಕ್ಟರ್ ಮತ್ತೆ ಬಿಚ್ಚಿ ಹಾಕಿದ್ದೀರಲ್ಲ. ಕರೆಂಟ್ ಏರಿದ್ದಕ್ಕೆ ಅದೂ ಕಾರಣ ಇರಬಹುದು. ಮಧ್ಯಾಹ್ನ ಮುಟ್ಟಿ ನೋಡಿದಿರಾ?